ಗೋಡೆಯಿಲ್ಲದ ಗಾಡಿಯಲ್ಲಿ ಬೂಫರ್

ಹೊನ್ನಾಳಿಯಿಂದ ನ್ಯಾಮತಿ ಕಡೆ ಹೋಗುವ ರಸ್ತೆಯಲ್ಲಿ ನಿಂತರೆ, ಬರುತ್ತಿರುವ ಟ್ರ್ಯಾಕ್ಟರ್ ಯಾವ ಕಂಪನಿಯದು ಎಂದು ಗೊತ್ತಾಗುವ ಮೊದಲೇ ಅದರಲ್ಲಿ ಎಂಥ ಬೂಫರ್ ಇದೆ ಎಂಬುದು ಗೊತ್ತಾಗುತ್ತದೆ. ಟ್ರೈಲರ್ ಇನ್ನೂ ತಿರುವಿನ ಆಚೆಗಿರುತ್ತದೆ, ಹಾಡಿನ ಒಂದು ಪದವೂ ಕೇಳಿಸುವುದಿಲ್ಲ, ಬೇಸ್ ಮಾತ್ರ ಬಂದು ಎದೆಗೆ ತಾಗುತ್ತದೆ. ಉದ್ದ ತರಂಗಗಳ ಸ್ವಭಾವವೇ ಅದು. ಮನೆ ಮರಗಳನ್ನು ಬಳಸಿಕೊಂಡು ಬಾಗಿ ಬರುತ್ತವೆ, ಗಿಡ್ಡ ತರಂಗಗಳು ಅಡ್ಡ ಸಿಕ್ಕಿದ್ದಕ್ಕೆಲ್ಲ ಡಿಕ್ಕಿ ಹೊಡೆದು ಚದುರಿಹೋಗುತ್ತವೆ. ಚನ್ನಗಿರಿಯ ಅಡಿಕೆ ತೋಟದ ದಾರಿಗಳಲ್ಲೂ ಜಗಳೂರಿನ ಮೆಕ್ಕೆಜೋಳದ ಹೊಲಗಳ ನಡುವೆಯೂ ಇದೇ ಅನುಭವ. ಕಾರಿನ ಡಿಕ್ಕಿಗೆಂದು ತಯಾರಾದ 12 ಇಂಚಿನ ಸಬ್‌ವೂಫರ್ (ಜನರ ಬಾಯಲ್ಲಿ ಬೂಫರ್) ಇಲ್ಲಿ ಡ್ರೈವರ್ ಸೀಟಿನ ಹಿಂದೆಯೋ ಹುಡ್ ಕೆಳಗೋ ಕೂತಿರುತ್ತದೆ. ಕಾರುಗಳಲ್ಲೂ ಇದೆ, ಆದರೆ ಕಣ್ಣಿಗೆ ಬೀಳುವುದು, ಸುಟ್ಟು ರಿಪೇರಿಗೆ ಬರುವುದು ಟ್ರ್ಯಾಕ್ಟರಿನದೇ ಎಂದು ಅಂಗಡಿಯವರು ಹೇಳುತ್ತಾರೆ. ಅದಕ್ಕೆ ಭೌತವಿಜ್ಞಾನದ ಗಟ್ಟಿ ಕಾರಣವೂ ಇದೆ.

ಸುಟ್ಟ ಬೂಫರನ್ನು ಅಂಗಡಿಗೆ ಒಯ್ದವರಿಗೆ ಸಿಗುವ ಉತ್ತರ ಎರಡೇ. "ಆಂಪ್ ಜಾಸ್ತಿ ಆಗೇತಿ ಅಣ್ಣ, ಕಾಯಿಲ್ ಹೋಗೇತಿ" ಎಂದು ಒಬ್ಬರು. ಪಕ್ಕದ ಅಂಗಡಿಯವರು ಅದೇ ಬೂಫರನ್ನು ಮೂಸಿ ನೋಡಿ, "ಆಂಪ್ ಕಮ್ಮಿ ಆಗೇತಿ, ಅದಕ್ಕೇ ಸುಟ್ಟೇತಿ" ಎನ್ನುತ್ತಾರೆ. ಒಂದೇ ಸಾವಿಗೆ ಎರಡು ವಿರುದ್ಧ ಕಾರಣ. ತಮಾಷೆಯೆಂದರೆ ಇಬ್ಬರೂ ಪೂರ್ತಿ ಸುಳ್ಳು ಹೇಳುತ್ತಿಲ್ಲ.

ಬೂಫರಿನ ಒಳಗಿರುವುದು ಒಂದು ಮೋಟಾರು. ತಿರುಗುವ ಬದಲು ಮುಂದಕ್ಕೂ ಹಿಂದಕ್ಕೂ ಓಡಾಡುವ ಮೋಟಾರು. ಉಂಗುರದಂಥ ದಪ್ಪ ಅಯಸ್ಕಾಂತ, ಅದರ ನಡುವೆ ಕಿರಿದಾದ ಸಂದು, ಆ ಸಂದಿನಲ್ಲಿ ತೂಗುವ ತಾಮ್ರದ ತಂತಿಯ ಸುರುಳಿ, ಅಂದರೆ ಕಾಯಿಲ್. ಆಂಪ್ಲಿಫೈಯರಿನಿಂದ, ಅಂದರೆ ಆಂಪಿನಿಂದ, ಕರೆಂಟ್ ಬಂದಾಗ ಸುರುಳಿ ಅಯಸ್ಕಾಂತದ ಬಲಕ್ಕೆ ಸಿಕ್ಕಿ ಮುಂದೆ ಹೋಗುತ್ತದೆ, ಕರೆಂಟಿನ ದಿಕ್ಕು ಬದಲಾದಾಗ ಹಿಂದೆ ಬರುತ್ತದೆ. ಸುರುಳಿಗೆ ಅಂಟಿಸಿದ ಕೋನ್ ಗಾಳಿಯನ್ನು ತಳ್ಳುತ್ತದೆ. ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ 1925ರಲ್ಲಿ ಈ ವಿನ್ಯಾಸವನ್ನು ವಿವರಿಸಿ ಪ್ರಬಂಧ ಬರೆದರು. ಆಮೇಲೆ ನೂರು ವರ್ಷ ಕಳೆದರೂ ಒಳಗಿನ ತತ್ವ ಬದಲಾಗಿಲ್ಲ. ಅಂಟು ಬದಲಾಗಿದೆ, ಕೋನಿನ ವಸ್ತು ಬದಲಾಗಿದೆ, ಅಯಸ್ಕಾಂತ ಬಲವಾಗಿದೆ, ಅಷ್ಟೆ.

ಈ ಮೋಟಾರಿನ ದಕ್ಷತೆ ಕೇಳಿದರೆ ಯಾವ ರೈತನಾದರೂ ನಗುತ್ತಾನೆ. ಸಾಮಾನ್ಯ ಸಬ್‌ವೂಫರಿಗೆ ಕೊಟ್ಟ ವಿದ್ಯುತ್ತಿನಲ್ಲಿ ಶಬ್ದವಾಗಿ ಹೊರಬರುವುದು ಶೇ 1ರ ಆಸುಪಾಸು. ಮಿಕ್ಕ ಶೇ 99 ಭಾಗ ಶಾಖ. 300 ವ್ಯಾಟ್ ಕೊಟ್ಟರೆ 3 ವ್ಯಾಟ್ ಹಾಡು, 297 ವ್ಯಾಟ್ ಕಾವು. ಅಂದರೆ ಸಬ್‌ವೂಫರ್ ಎನ್ನುವುದು ಸ್ವಲ್ಪ ಸದ್ದೂ ಮಾಡುವ ಹೀಟರ್.

ಆ ಕಾವು ಹುಟ್ಟುವುದು ಸುರುಳಿಯಲ್ಲಿ. ಕರೆಂಟಿನ ವರ್ಗಕ್ಕೆ ಅನುಗುಣವಾಗಿ ತಂತಿ ಬಿಸಿಯಾಗುತ್ತದೆ ಎಂದು ಜೇಮ್ಸ್ ಜೂಲ್ 1841ರಲ್ಲೇ ತೋರಿಸಿದ್ದ. ಒಂದು ಲೆಕ್ಕ ಹಾಕೋಣ. ಸುರುಳಿಯಲ್ಲಿ 50 ಗ್ರಾಂ ತಾಮ್ರವಿದೆ ಎನ್ನಿ. 1 ಗ್ರಾಂ ತಾಮ್ರವನ್ನು 1 ಡಿಗ್ರಿ ಬಿಸಿ ಮಾಡಲು ಬೇಕಾದದ್ದು 0.385 ಜೂಲ್. ಶಾಖ ಎಲ್ಲೂ ಹೋಗದೆ ಉಳಿದರೆ 300 ವ್ಯಾಟ್‌ಗೆ ಸುರುಳಿ ಸೆಕೆಂಡಿಗೆ ಸುಮಾರು 15 ಡಿಗ್ರಿಯಂತೆ ಏರುತ್ತದೆ. 35 ಡಿಗ್ರಿಯ ಜಗಳೂರು ಬಿಸಿಲಿನಿಂದ ಹೊರಟು 235 ಡಿಗ್ರಿ ಮುಟ್ಟಲು 13 ಸೆಕೆಂಡ್ ಸಾಕು. ಸುರುಳಿಯ ಅಂಟು, ತಂತಿಯ ಮೇಲಿನ ಎನಾಮೆಲ್ ಎಲ್ಲ ಸೋಲಲು ಆರಂಭಿಸುವುದು 200–250 ಡಿಗ್ರಿಯ ಸುತ್ತಮುತ್ತ. ಹಾಗಿದ್ದರೂ ಬೂಫರ್ ಮೊದಲ ಪಲ್ಲವಿಗೇ ಸುಡುವುದಿಲ್ಲ, ಏಕೆಂದರೆ ಶಾಖ ಸಂದನ್ನು ದಾಟಿ ಅಯಸ್ಕಾಂತಕ್ಕೂ ಅದರ ಉಕ್ಕಿನ ತಟ್ಟೆಗಳಿಗೂ ಹರಿಯುತ್ತದೆ. ಕೋನ್ ಆಡುವಾಗ ಗಾಳಿಯೂ ಒಳಗೆ ಹೊರಗೆ ಓಡಾಡಿ ತಂಪು ಮಾಡುತ್ತದೆ.

ಇಲ್ಲಿ ಒಂದು ವಂಚನೆಯಿದೆ. ಸುರುಳಿ ಕಾಯುವುದು ಸೆಕೆಂಡುಗಳಲ್ಲಿ. ಕೆಲವು ಕಿಲೋ ತೂಕದ ಅಯಸ್ಕಾಂತ ಕಾಯಲು ಅರ್ಧ ಗಂಟೆ, ಒಮ್ಮೊಮ್ಮೆ ಅದಕ್ಕೂ ಹೆಚ್ಚು ಬೇಕು. ಅಲ್ಲಿಯವರೆಗೆ ಅದು ಸುರುಳಿಯ ಶಾಖವನ್ನು ಸುಮ್ಮನೆ ಹೀರಿಕೊಳ್ಳುತ್ತಿರುತ್ತದೆ. ತಾನೇ ಕಾದುಬಿಟ್ಟ ಮೇಲೆ ಹೀರುವುದು ಕಡಿಮೆಯಾಗುತ್ತದೆ. ಆದ್ದರಿಂದ ಮೆರವಣಿಗೆ ಹೊರಟಾಗ ಚೆನ್ನಾಗಿಯೇ ಬಡಿದ ಬೂಫರ್, ವಾಲ್ಯೂಮ್ ಯಾರೂ ಮುಟ್ಟದೆ ಇದ್ದರೂ ಬಸ್‌ಸ್ಟ್ಯಾಂಡ್ ಸರ್ಕಲ್ ಹತ್ತಿರ ಬರುವಷ್ಟರಲ್ಲಿ ಪ್ರಾಣ ಬಿಡುತ್ತದೆ. "ಇಷ್ಟೊತ್ತು ಚೆನ್ನಾಗೇ ಇತ್ತಲ್ಲ" ಎಂಬ ಮಾತು ನಿಜವೇ.

ಇನ್ನೊಂದು ವಂಚನೆ ತಾಮ್ರದ್ದು. ತಾಮ್ರ ಬಿಸಿಯಾದಂತೆ ಅದರ ರೋಧ ಹೆಚ್ಚುತ್ತದೆ, ಡಿಗ್ರಿಗೆ ಸುಮಾರು ಶೇ 0.39ರಂತೆ. 200 ಡಿಗ್ರಿ ಏರಿದರೆ ರೋಧ ಮುಕ್ಕಾಲು ಪಾಲಿಗಿಂತ ಹೆಚ್ಚೇ ಏರಿರುತ್ತದೆ. ತಣ್ಣಗಿದ್ದಾಗ 3.5 ಓಮ್ ಇದ್ದದ್ದು 6 ಓಮ್ ದಾಟುತ್ತದೆ. ಆಂಪ್ ಕೊಡುವ ವೋಲ್ಟೇಜ್ ಅದೇ, ಆದರೆ ಒಳಹೋಗುವ ಕರೆಂಟ್ ಅರ್ಧದ ಹತ್ತಿರಕ್ಕೆ ಇಳಿಯುತ್ತದೆ. ಕರೆಂಟ್ ಇಳಿದರೆ ಗುದ್ದೂ ಇಳಿಯಿತು. ಕೇಳುವವನಿಗೆ ಅನಿಸುವುದೇನು? "ಬೇಸ್ ಯಾಕೋ ಕಮ್ಮಿ ಆಯ್ತಲ್ಲೋ, ಏರಿಸು." ಬೂಫರ್ ಕಾವಿನಿಂದ ಏದುಸಿರು ಬಿಡುತ್ತಿದೆ ಎಂಬುದಕ್ಕೆ ಕಿವಿಗೆ ಸಿಗುವ ಒಂದೇ ಸೂಚನೆ ಸದ್ದು ಕುಗ್ಗುವುದು, ಅದನ್ನೇ ನಾವು ವಾಲ್ಯೂಮ್ ತಿರುಗಿಸಲು ಕೊಟ್ಟ ಸಂಜ್ಞೆ ಎಂದುಕೊಳ್ಳುತ್ತೇವೆ. ಸುಟ್ಟ ಬೂಫರುಗಳಲ್ಲಿ ಬಹುಪಾಲು ಈ ತಿರುವಿನಲ್ಲೇ ಸುಟ್ಟಿರುತ್ತವೆ ಎಂಬುದು ನನ್ನ ಅಂದಾಜು.

ಈಗ "ಆಂಪ್ ಕಮ್ಮಿ ಆಗಿ ಸುಟ್ಟಿತು" ಎಂಬ ತೀರ್ಪಿಗೆ ಬರೋಣ. ಈ ನಂಬಿಕೆ ನಮ್ಮ ಕಡೆ ಇಷ್ಟು ಗಟ್ಟಿಯಾಗಲು ಬೋರ್‌ವೆಲ್ ಕಾರಣವಿರಬಹುದು ಎಂದು ನನಗೆ ಅನುಮಾನ. ಅಡಿಕೆ ತೋಟವಿರುವ ಪ್ರತಿಯೊಬ್ಬನಿಗೂ ಗೊತ್ತು, ವೋಲ್ಟೇಜ್ ಕಡಿಮೆಯಾದರೆ ಪಂಪ್‌ಸೆಟ್ ಮೋಟಾರು ಸುಡುತ್ತದೆ. ಹೊರೆ ಅಷ್ಟೇ ಇದ್ದು ವೋಲ್ಟೇಜ್ ಇಳಿದಾಗ ಮೋಟಾರು ತನ್ನ ಪಾಲಿನ ಕೆಲಸ ಮುಗಿಸಲು ಹೆಚ್ಚು ಕರೆಂಟ್ ಎಳೆಯುತ್ತದೆ, ವೈಂಡಿಂಗ್ ಕಾಯುತ್ತದೆ. ಪ್ರತಿ ತಾಲ್ಲೂಕು ಕೇಂದ್ರದಲ್ಲೂ ರಿವೈಂಡಿಂಗ್ ಅಂಗಡಿಗಳು ಬದುಕಿರುವುದೇ ಈ ಸತ್ಯದ ಮೇಲೆ. ಸುಟ್ಟ ಬೂಫರಿನ ವಾಸನೆಯೂ ಸುಟ್ಟ ಮೋಟಾರಿನ ವಾಸನೆಯೂ ಒಂದೇ, ಎರಡೂ ಎನಾಮೆಲ್ ಬೆಂದ ವಾಸನೆ. ಹಾಗಾಗಿ ಕಾರಣವೂ ಒಂದೇ ಎಂದುಕೊಳ್ಳುವುದು ಸಹಜ. ಆದರೆ ಬೂಫರಿಗೆ ಎತ್ತಲೇಬೇಕಾದ ನೀರಿಲ್ಲ. ಕಡಿಮೆ ಕೊಟ್ಟರೆ ಕಡಿಮೆ ಆಡುತ್ತದೆ, ಅಷ್ಟೇ. 50 ವ್ಯಾಟ್ ಆಂಪಿಗೆ 500 ವ್ಯಾಟ್ ಬೂಫರ್ ಕಟ್ಟಿ ಹದವಾಗಿ ಕೇಳಿದರೆ ಅದು ಮೊಮ್ಮಕ್ಕಳ ಕಾಲದವರೆಗೂ ಬಾಳೀತು.

ಕೊಲ್ಲುವುದು ಸಣ್ಣ ಆಂಪ್ ಅಲ್ಲ, ಸಣ್ಣ ಆಂಪಿನಿಂದ ದೊಡ್ಡ ಆಂಪಿನ ಕೆಲಸ ಮಾಡಿಸುವ ಹಟ. ಆಂಪ್ ತನ್ನ ಮಿತಿ ಮುಟ್ಟಿದ ಮೇಲೂ ವಾಲ್ಯೂಮ್ ಏರಿಸಿದರೆ ತರಂಗದ ಗುಂಡಗಿನ ನೆತ್ತಿ ಏರಲು ಜಾಗವಿಲ್ಲದೆ ಕತ್ತರಿಸಿದಂತೆ ಚಪ್ಪಟೆಯಾಗುತ್ತದೆ. ಇದನ್ನೇ ಕ್ಲಿಪ್ಪಿಂಗ್ ಎನ್ನುವುದು. ಪೂರ್ತಿ ಚಪ್ಪಟೆಯಾಗಿ ಚೌಕವಾದ ತರಂಗದಲ್ಲಿ, ಅದೇ ಎತ್ತರದ ಗುಂಡು ತರಂಗದ ಎರಡರಷ್ಟು ಶಕ್ತಿಯಿರುತ್ತದೆ. 300 ವ್ಯಾಟಿನ ಆಂಪ್ ಅರಚುತ್ತ 600ರ ಹತ್ತಿರ ಸುರಿಯಬಲ್ಲದು. "ಕ್ಲಿಪ್ಪಿಂಗ್ ಆದಾಗ ಡಿಸಿ ಹೋಗಿ ಕಾಯಿಲ್ ಸುಡುತ್ತದೆ" ಎಂದು ಕೆಲವು ಬಲ್ಲವರೂ ಹೇಳುವುದುಂಟು. ಅದು ತಪ್ಪು. ಮೇಲೂ ಕೆಳಗೂ ಸಮನಾಗಿ ಚಪ್ಪಟೆಯಾದ ತರಂಗದಲ್ಲಿ ಡಿಸಿ ಸೊನ್ನೆ. ಸುಡುವುದು ಸರಾಸರಿ ಶಕ್ತಿ.

ಸರಾಸರಿ ಎಂಬುದೇ ಈ ಕಥೆಯ ಬೀಗದ ಕೈ. ಡೊಳ್ಳು ಬಾರಿಸುವುದನ್ನು ನೆನೆಯಿರಿ. ಕೋಲು ಬಿದ್ದ ಕ್ಷಣ ಸದ್ದು ಶಿಖರಕ್ಕೆ ಜಿಗಿಯುತ್ತದೆ, ಕ್ಷಣದಲ್ಲೇ ಆರುತ್ತದೆ, ಮುಂದಿನ ಪೆಟ್ಟಿನ ತನಕ ಬಿಡುವು. ಶಿಖರಕ್ಕೂ ಸರಾಸರಿಗೂ ಬಹಳ ಅಂತರ. ಇಂಥ ಸಂಗೀತವನ್ನು 300 ವ್ಯಾಟಿನ ಆಂಪ್ ತನ್ನ ಮಿತಿಯೊಳಗೆ ನುಡಿಸುವಾಗ ಕಾಯಿಲ್‌ಗೆ ಸರಾಸರಿ ಸಿಗುವುದು 60 ವ್ಯಾಟ್, ಕೆಲವೊಮ್ಮೆ ಅದಕ್ಕೂ ಕಡಿಮೆ. ಕಂಪ್ಯೂಟರಿನಲ್ಲಿ ಹೆಣೆದ ಡಿಜೆ ರೀಮಿಕ್ಸಿನ ಬೇಸ್ ಹಾಗಲ್ಲ. ಒಂದೊಂದು ಸ್ವರವೂ ಒಂದೇ ಎತ್ತರದಲ್ಲಿ ಎಳೆದುಕೊಂಡು ನಿಲ್ಲುತ್ತದೆ. ಅದೇ ಆಂಪ್, ಅದೇ ಮಿತಿ, ಸರಾಸರಿ ಮಾತ್ರ 150 ವ್ಯಾಟ್. ಅದರ ಮೇಲೆ ಕ್ಲಿಪ್ಪಿಂಗ್ ಸೇರಿದರೆ 300, 400, ಹಾಗೇ ಮೇಲೆ. ಶಿಖರ ಒಂದಿಷ್ಟೂ ಏರದೆ ಸರಾಸರಿ ಐದಾರು ಪಟ್ಟಾಯಿತು. ಜಾನಪದ ಗೀತೆಯನ್ನು ಡೊಳ್ಳಿನಲ್ಲಿ ಕೇಳಿದರೆ ಬಾಳುವ ಬೂಫರ್ ಅದೇ ಗೀತೆಯ ರೀಮಿಕ್ಸಿಗೆ ಸುಡುತ್ತದೆ ಎಂದರೆ ಅದರಲ್ಲಿ ಸಂಪ್ರದಾಯದ ಪರ ವಕಾಲತ್ತು ಏನಿಲ್ಲ, ಬರೀ ಲೆಕ್ಕ.

ಅಂಗಡಿಯ ಇಬ್ಬರೂ ಹೀಗೆ ಅರ್ಧರ್ಧ ಗೆದ್ದರು. ಆಂಪ್ ದೊಡ್ಡದಿದ್ದು ಸುಮ್ಮನೆ ಏರಿಸಿದರೂ ಸರಾಸರಿ ಮೀರುತ್ತದೆ, ಚಿಕ್ಕದಿದ್ದು ಅರಚಿಸಿದರೂ ಮೀರುತ್ತದೆ. ನನ್ನನ್ನು ಕೇಳಿದರೆ, ವಾಲ್ಯೂಮ್ ಮೇಲೆ ಕೈ ಬಿಗಿ ಹಿಡಿಯುವವನಿಗೆ ಸ್ವಲ್ಪ ದೊಡ್ಡ ಆಂಪ್ ಒಳ್ಳೆಯದು. ಗಾಡಿಯನ್ನು ತಮ್ಮನ ಕೈಗೋ ಊರ ಹುಡುಗರ ಕೈಗೋ ಕೊಡುವವನಿಗೆ ಚಿಕ್ಕ ಆಂಪೇ ಕ್ಷೇಮ.

ಕಾರಿಗೂ ಟ್ರ್ಯಾಕ್ಟರಿಗೂ ಇರುವ ವ್ಯತ್ಯಾಸ ಈಗ ನೋಡಿ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. 40 ಹರ್ಟ್ಸ್ ಬೇಸಿನ ಒಂದು ತರಂಗ ಎಂದರೆ ಸುಮಾರು ಎಂಟೂವರೆ ಮೀಟರ್ ಉದ್ದ, ಇಡೀ ಕಾರಿಗಿಂತ ಎರಡು ಪಟ್ಟು. ಅಷ್ಟು ಉದ್ದದ ತರಂಗ ಎರಡೂವರೆ ಮೀಟರಿನ ಕಾರಿನ ಒಳಗೆ ಹಿಡಿಸುವುದೇ ಇಲ್ಲ. ಹಿಡಿಸದಿದ್ದಾಗ ಏನಾಗುತ್ತದೆಂದರೆ, ಕಿಟಕಿ ಮುಚ್ಚಿದ ಕಾರಿನೊಳಗಿನ ಗಾಳಿಯೆಲ್ಲ ಒಟ್ಟಾಗಿ ಒತ್ತಿ ಸಡಿಲವಾಗುತ್ತದೆ. ಕೋನ್ ಮುಂದೆ ಬಂದಾಗ ಇಡೀ ಕ್ಯಾಬಿನ್ನಿನ ಒತ್ತಡ ಏರುತ್ತದೆ, ಹಿಂದೆ ಹೋದಾಗ ಇಳಿಯುತ್ತದೆ. ಅಂಥ ಕಾರಿನಲ್ಲಿ 70 ಹರ್ಟ್ಸ್‌ಗಿಂತ ಕೆಳಗೆ ಹೋದಂತೆ ಬೇಸಿಗೆ ಪುಕ್ಕಟೆ ಸಹಾಯ ಸಿಗುತ್ತ ಹೋಗುತ್ತದೆ. ಆವೃತ್ತಿ ಅರ್ಧವಾಗಿ 35 ಹರ್ಟ್ಸ್‌ಗೆ ಇಳಿದರೆ ಲೆಕ್ಕದ ಪ್ರಕಾರ 12 ಡೆಸಿಬೆಲ್ ಲಾಭ. 12 ಡೆಸಿಬೆಲ್ ಎಂದರೆ ಶಕ್ತಿಯಲ್ಲಿ 16 ಪಟ್ಟು.

ಟ್ರ್ಯಾಕ್ಟರಿಗೆ ಗೋಡೆಯೇ ಇಲ್ಲ. ತಲೆಯ ಮೇಲಿನ ಹುಡ್ ಬಿಸಿಲು ತಡೆಯುತ್ತದೆಯೇ ಹೊರತು ಎಂಟು ಮೀಟರಿನ ತರಂಗವನ್ನಲ್ಲ. ಕಾರಿನಲ್ಲಿ 100 ವ್ಯಾಟಿಗೆ ಸಿಕ್ಕ 35 ಹರ್ಟ್ಸಿನ ಗುದ್ದು ಬಯಲಿನಲ್ಲಿ ಸಿಗಬೇಕಾದರೆ ಲೆಕ್ಕದಂತೆ 1,600 ವ್ಯಾಟ್ ಬೇಕು. ನಿಜವಾದ ಕಾರಿನಲ್ಲಿ ಬಾಗಿಲ ಸಂದುಗಳಿಂದ ಸೋರಿಕೆಯಿರುವುದರಿಂದ ಲಾಭ ಅಷ್ಟಿರದು. ಅರ್ಧದಷ್ಟೇ ಎಂದುಕೊಂಡರೂ 6 ಡೆಸಿಬೆಲ್, ಅಂದರೆ 4 ಪಟ್ಟು. ಕಾರಿಗೆಂದು ಮಾಡಿದ ಬೂಫರ್ ಅಷ್ಟು ತಡೆಯಲಾರದು. ಗೆಳೆಯನ ಕಾರಿನಲ್ಲಿ ಕೇಳಿದ ಬೇಸನ್ನೇ ತನ್ನ ಟ್ರ್ಯಾಕ್ಟರಿನಲ್ಲಿ ಹುಡುಕುವ ಹುಡುಗ ನಿಜಕ್ಕೂ ಹುಡುಕುತ್ತಿರುವುದು ಆ ಕಾರಿನ ಗಾಜು ಮತ್ತು ಬಾಗಿಲುಗಳನ್ನು.

ಅದರ ಮೇಲೆ ನಮ್ಮ ಕಿವಿಯ ದೌರ್ಬಲ್ಯ ಬೇರೆ. 1,000 ಹರ್ಟ್ಸಿನ ಸ್ವರ 40 ಡೆಸಿಬೆಲ್ ಇದ್ದರೆ ಎಷ್ಟು ಗಟ್ಟಿ ಕೇಳಿಸುತ್ತದೋ ಅಷ್ಟೇ ಗಟ್ಟಿ ಕೇಳಿಸಲು 40 ಹರ್ಟ್ಸಿನ ಸ್ವರ 80 ದಾಟಿರಬೇಕು. ಆಂಪಿನ ವ್ಯಾಟ್ ದುಪ್ಪಟ್ಟು ಮಾಡಿದರೆ ಏರುವುದು ಬರೀ 3 ಡೆಸಿಬೆಲ್, ಗಮನವಿಟ್ಟು ಕೇಳಿದರೆ ಮಾತ್ರ ಗೊತ್ತಾಗುವಷ್ಟು. ಸದ್ದು ಎರಡರಷ್ಟಾಯಿತು ಅನಿಸಬೇಕಾದರೆ ಹತ್ತು ಪಟ್ಟು ವ್ಯಾಟ್ ಬೇಕು. ಈ ದೌರ್ಬಲ್ಯ ಕಾನೂನಿನ ಒಳಗೂ ನುಸುಳಿದೆ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 10ರಿಂದ ಬೆಳಗಿನ 6ರವರೆಗೆ 45 ಡೆಸಿಬೆಲ್ ಮಿತಿ ಹಾಕಿವೆ. ಆದರೆ ಆ ಅಳತೆ ಮನುಷ್ಯನ ಕಿವಿಗೆ ಹೊಂದಿಸಿದ ಮಾಪನದ್ದು, 40 ಹರ್ಟ್ಸಿನ ಸದ್ದಿನಲ್ಲಿ ಸುಮಾರು 35 ಡೆಸಿಬೆಲನ್ನು ಅದು ಕಳೆದೇ ತೋರಿಸುತ್ತದೆ. ಮೀಟರಿನಲ್ಲಿ 65 ಕಾಣುವ ಬೇಸ್ ನಿಜದಲ್ಲಿ 100 ಇರಬಹುದು. ಅಟ್ಟದ ಮೇಲೆ ಗಡಗಡಿಸುವ ಸ್ಟೀಲ್ ಪಾತ್ರೆಗಳು ಮೀಟರಿಗಿಂತ ಪ್ರಾಮಾಣಿಕ ಸಾಕ್ಷಿಗಳು.

ಸುಡುವುದೊಂದೇ ಸಾವಲ್ಲ, ಹರಿಯುವುದೂ ಉಂಟು. ಬಯಲಿನಲ್ಲಿ ಆವೃತ್ತಿ ಅರ್ಧವಾದರೆ ಅಷ್ಟೇ ಸದ್ದಿಗೆ ಕೋನ್ ನಾಲ್ಕು ಪಟ್ಟು ದೂರ ಓಡಬೇಕು. ಓಡಲು ಇರುವ ಜಾಗ ಕೆಲವೇ ಮಿಲಿಮೀಟರ್. ಮೀರಿದರೆ ಸುರುಳಿಯ ಬುಡ ಹಿಂದಿನ ತಟ್ಟೆಗೆ ಬಡಿದು ಟಕ್ ಟಕ್ ಎನ್ನುತ್ತದೆ, ಅಂಚಿನ ರಬ್ಬರ್ ಕಿತ್ತುಬರುತ್ತದೆ, ಸುರುಳಿಗೆ ಕರೆಂಟ್ ಒಯ್ಯುವ ಹೆಣೆದ ತಂತಿ ತುಂಡಾಗುತ್ತದೆ. ಪೆಟ್ಟಿಗೆಗೆ ಗಾಳಿಕಿಂಡಿ ಇದ್ದರೆ ಇನ್ನೂ ಎಚ್ಚರ ಬೇಕು. ಅಂಥ ಪೆಟ್ಟಿಗೆ ಒಂದು ನಿಗದಿತ ಆವೃತ್ತಿಗೆ ಶ್ರುತಿಗೊಂಡಿರುತ್ತದೆ, 38 ಹರ್ಟ್ಸ್ ಎನ್ನಿ. ಅದಕ್ಕಿಂತ ಕೆಳಗೆ ಹೋದರೆ ಪೆಟ್ಟಿಗೆಯ ಗಾಳಿ ಕೋನನ್ನು ಹಿಡಿದು ನಿಲ್ಲಿಸುವುದನ್ನು ಬಿಟ್ಟುಬಿಡುತ್ತದೆ, ಕೋನ್ ಬೇಕಾಬಿಟ್ಟಿ ಆಡುತ್ತದೆ. ಈಗ ಹುಡುಗರಲ್ಲಿ ನಿಧಾನ ಮಾಡಿದ ಹಾಡುಗಳ ಗೀಳು. ಹಾಡನ್ನು ಶೇ 20 ನಿಧಾನ ಮಾಡಿ ಶ್ರುತಿಯನ್ನೂ ಇಳಿಸಿದರೆ 40 ಹರ್ಟ್ಸಿನ ಬೇಸ್ 32ಕ್ಕೆ ಬಂದು ಕೂರುತ್ತದೆ, ಸರಿಯಾಗಿ ಆ ಅಪಾಯದ ವಲಯಕ್ಕೆ. ಆಂಪಿನಲ್ಲಿ ಸಬ್‌ಸಾನಿಕ್ ಎಂಬ ಫಿಲ್ಟರ್ ಇಟ್ಟಿರುವುದು ಇಷ್ಟು ಕೆಳಗಿನ ಬೇಸನ್ನು ಕತ್ತರಿಸಲೆಂದೇ, ಬಹಳ ಜನ ಅದನ್ನು ಮುಟ್ಟುವುದೇ ಇಲ್ಲ. ಯಾವ ಬೂಫರಿಗೆ ಎಷ್ಟು ಲೀಟರಿನ ಪೆಟ್ಟಿಗೆ, ಎಷ್ಟು ಉದ್ದದ ಕಿಂಡಿ ಎಂಬ ಗಣಿತವನ್ನು ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ ಪ್ರಕಟಿಸಿದ. 1970ರ ದಶಕದ ಆರಂಭದಲ್ಲಿ ರಿಚರ್ಡ್ ಸ್ಮಾಲ್ ಅದನ್ನು ಪೂರ್ತಿ ಮಾಡಿದ. ಬೂಫರಿನ ಜೊತೆ ಬರುವ ಚೀಟಿಯಲ್ಲಿ ಸಣ್ಣ ಅಕ್ಷರದ ಸಂಖ್ಯೆಗಳು ಇವರಿಬ್ಬರ ಹೆಸರಿನವೇ. ಪೆಟ್ಟಿಗೆ ಹೊಡೆಯುವ ಬಡಗಿಗೆ ಆ ಚೀಟಿ ತಲುಪುವುದು ಅಪರೂಪ, ಅವನಿಗೆ ತಲುಪುವುದು ಸೀಟಿನ ಹಿಂದಿನ ಜಾಗದ ಅಳತೆ.

ಇಷ್ಟಾದ ಮೇಲೂ ಲೆಕ್ಕ ಕೂಡದಿರುವುದು ಡಬ್ಬದ ಮೇಲಿನ ಸಂಖ್ಯೆಗಳಿಂದ. "1,200 ವ್ಯಾಟ್" ಎಂದು ಮುದ್ರಿಸಿದ ಬೂಫರ್ ನಿರಂತರ ತಡೆಯುವುದು 300 ಇರಬಹುದು. ಆ 300ನ್ನು ಆರ್‌ಎಂಎಸ್ ಎಂದು ಬೇರೆಲ್ಲೋ ಬರೆದಿರುತ್ತಾರೆ, ಬರೆದರೆ. ಟೇಪ್‌ರೆಕಾರ್ಡರ್ ಕಾಲದ ಪಿಎಂಪಿಒ ಎಂಬ ಸಂಖ್ಯೆಗೆ ಯಾವ ಅರ್ಥವೂ ಇರಲಿಲ್ಲ, ಅದರ ಸಂತಾನವೇ ಈಗಿನ "ಮ್ಯಾಕ್ಸ್". ಆದರೆ ಆಂಪಿನ ಸುಳ್ಳನ್ನು ಹಿಡಿಯಲು ಅದರ ಮೈಮೇಲೆಯೇ ಒಂದು ಸಾಕ್ಷಿಯಿದೆ, ಫ್ಯೂಸ್. ಹಿಂಬದಿಯಲ್ಲಿ 25 ಆಂಪಿಯರಿನ ಎರಡು ಫ್ಯೂಸ್ ಇದ್ದರೆ ಒಳಗೆ ಹೋಗಬಹುದಾದ ಕರೆಂಟ್ 50 ಆಂಪಿಯರ್. ಗಾಡಿ ಚಾಲೂ ಇದ್ದಾಗ 13.8 ವೋಲ್ಟ್. ಗುಣಿಸಿದರೆ 690 ವ್ಯಾಟ್ ಒಳಗೆ. ಕ್ಲಾಸ್ ಡಿ ಆಂಪ್ ಆದರೆ ಅದರಲ್ಲಿ ಮುಕ್ಕಾಲು ಪಾಲು ಹೊರಬರುತ್ತದೆ, ಸುಮಾರು 500. ಹಳೆಯ ಕ್ಲಾಸ್ ಎಬಿ ಆದರೆ ಅರ್ಧಕ್ಕೆ ಸ್ವಲ್ಪ ಮೇಲೆ. ಮುಚ್ಚಳದ ಮೇಲೆ 2,000 ಎಂದು ಚಿನ್ನದ ಅಕ್ಷರದಲ್ಲಿ ಬರೆದಿದ್ದರೂ ಫ್ಯೂಸ್ ಸುಳ್ಳು ಹೇಳಲಾರದು. ಅಂಗಡಿಯಲ್ಲಿ ಕೊಳ್ಳುವ ಮೊದಲು ಆಂಪನ್ನು ತಿರುಗಿಸಿ ನೋಡಲು ಯಾರ ಅಪ್ಪಣೆಯೂ ಬೇಕಿಲ್ಲ.

1,000 ವ್ಯಾಟ್ ನಿಜವಾಗಿಯೂ ಬೇಕೆಂದರೆ ಬ್ಯಾಟರಿ ಕಡೆಯಿಂದ 90 ಆಂಪಿಯರಿಗೂ ಹೆಚ್ಚು ಬರಬೇಕು. ಬಹಳಷ್ಟು ಸಣ್ಣ ಕಾರುಗಳ ಆಲ್ಟರ್ನೇಟರ್ ಕೊಡುವುದು ಅದಕ್ಕಿಂತ ಕಡಿಮೆ, ಟ್ರ್ಯಾಕ್ಟರಿನದು ಇನ್ನೂ ಕಡಿಮೆ. ಕೊರತೆಯನ್ನು ಬ್ಯಾಟರಿ ತುಂಬುತ್ತದೆ, ಅದು ದಣಿದಾಗ ವೋಲ್ಟೇಜ್ ಇಳಿಯುತ್ತದೆ. ತಂತಿ ಸಣ್ಣದಿದ್ದರೆ ಅಲ್ಲೂ ನಷ್ಟ. 4 ಚದರ ಮಿಲಿಮೀಟರ್ ದಪ್ಪದ 5 ಮೀಟರ್ ತಾಮ್ರದ ತಂತಿಯಲ್ಲಿ 90 ಆಂಪಿಯರ್ ಹರಿದರೆ ದಾರಿಯಲ್ಲೇ 2 ವೋಲ್ಟ್ ಮಾಯ. 16 ಚದರ ಮಿಲಿಮೀಟರ್ ಹಾಕಿದರೆ ಅರ್ಧ ವೋಲ್ಟ್. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ತಂತಿ ಅಗ್ಗ, ಆದರೆ ನಷ್ಟ ಸುಮಾರು ಒಂದೂವರೆ ಪಟ್ಟು. ಆಂಪಿಗೆ ವೋಲ್ಟೇಜ್ ಕಡಿಮೆ ಸಿಕ್ಕರೆ ಅದರ ಮಿತಿ ಇಳಿದು ಕ್ಲಿಪ್ಪಿಂಗ್ ಬೇಗ ಶುರುವಾಗುತ್ತದೆ. ಹಾಗೆ ನೋಡಿದರೆ ವೋಲ್ಟೇಜ್ ಕಮ್ಮಿಯಾಗಿ ಬೂಫರ್ ಸುಟ್ಟಿತು ಎಂಬ ಮಾತಿನಲ್ಲಿ ಸುತ್ತುದಾರಿಯಿಂದ ಬಂದ ಸತ್ಯವೂ ಇದೆ. ತಂತಿಗೆ ಬ್ಯಾಟರಿಯಿಂದ ಒಂದು ಮೊಳದೊಳಗೇ ಫ್ಯೂಸ್ ಇರಬೇಕು. ಅದು ಬೂಫರ್ ಉಳಿಸಲು ಅಲ್ಲ, ಗಾಡಿಗೆ ಬೆಂಕಿ ಬೀಳದಿರಲು.

ಆಂಪಿಗೂ ಬೂಫರಿಗೂ ಜೋಡಿ ಹೊಂದಿಸುವಾಗ ಓಮ್ ಲೆಕ್ಕ ತಪ್ಪಿದರೆ ಮಿಕ್ಕಿದ್ದೆಲ್ಲ ವ್ಯರ್ಥ. ಒಂದೇ ಬೂಫರಿನಲ್ಲಿ 4 ಓಮಿನ ಎರಡು ಸುರುಳಿಗಳಿದ್ದರೆ ಸಾಲಾಗಿ ಕಟ್ಟಿದಾಗ 8 ಓಮ್, ಸಮಾಂತರ ಕಟ್ಟಿದಾಗ 2 ಓಮ್. ಅಂಥ ಎರಡು ಬೂಫರಿನ ನಾಲ್ಕೂ ಸುರುಳಿಯನ್ನು ಸಮಾಂತರ ಕಟ್ಟಿದರೆ 1 ಓಮ್. ಓಮ್ ಇಳಿದಂತೆ ಆಂಪ್ ಹೆಚ್ಚು ವ್ಯಾಟ್ ಕೊಡುವುದು ನಿಜ, ತಾನು ತಡೆಯುವ ತನಕ. 2 ಓಮ್‌ವರೆಗೆ ಮಾತ್ರ ತಡೆಯುವ ಆಂಪಿಗೆ 1 ಓಮ್ ಕಟ್ಟಿದರೆ ಕೆಂಪು ದೀಪ ಹತ್ತಿ ಆರಿ ಹತ್ತುತ್ತದೆ, ಅದೂ ಇಲ್ಲದ ಅಗ್ಗದ ಆಂಪ್ ನೇರ ಹೊಗೆಯಾಡುತ್ತದೆ. ಕೇಳಬೇಕಾದ ಪ್ರಶ್ನೆ "ಆಂಪ್ ಎಷ್ಟು ವ್ಯಾಟ್?" ಎಂದಲ್ಲ, "ನನ್ನ ಬೂಫರಿನ ಓಮಿಗೆ ಎಷ್ಟು ವ್ಯಾಟ್?" ಎಂದು.

ಆಮೇಲೆ ಆಂಪಿನ ಮೇಲಿನ ಗೇನ್ ಗುಂಡಿ. ಅದು ಇನ್ನೊಂದು ವಾಲ್ಯೂಮ್ ಎಂದೇ ಎಲ್ಲರ ಭಾವನೆ. ಹಾಡು ನುಡಿಸುವ ಟೇಪಿನಿಂದ ಬರುವ ಸಣ್ಣ ವೋಲ್ಟೇಜನ್ನು ಆಂಪಿನ ಪೂರ್ಣ ಶಕ್ತಿಗೆ ಸರಿದೂಗಿಸುವುದಷ್ಟೇ ಅದರ ಕೆಲಸ. ಮಲ್ಟಿಮೀಟರ್ ಇದ್ದವರು ಅದನ್ನು ಹತ್ತು ನಿಮಿಷದಲ್ಲಿ ಹೊಂದಿಸಬಹುದು. ಬೂಫರಿನ ಆರ್‌ಎಂಎಸ್ ವ್ಯಾಟನ್ನು ಓಮಿನಿಂದ ಗುಣಿಸಿ ವರ್ಗಮೂಲ ತೆಗೆಯಿರಿ. 300 ವ್ಯಾಟ್, 4 ಓಮ್ ಆದರೆ 34.6 ವೋಲ್ಟ್, 2 ಓಮ್ ಆದರೆ 24.5. ಬೂಫರಿನ ತಂತಿ ಬಿಚ್ಚಿ, ಬೇಸ್ ಬೂಸ್ಟ್ ಸೊನ್ನೆ ಮಾಡಿ, ಟೇಪಿನ ವಾಲ್ಯೂಮ್ ಮುಕ್ಕಾಲಿಗೆ ಇಟ್ಟು, 50 ಹರ್ಟ್ಸಿನ ಸ್ವರ ನುಡಿಸಿ. ಮೀಟರನ್ನು ಎಸಿ ವೋಲ್ಟಿಗೆ ಇಟ್ಟು ಆ ಸಂಖ್ಯೆ ಬರುವ ತನಕ ಮಾತ್ರ ಗೇನ್ ತಿರುಗಿಸಿ. ಆ ಸಂಖ್ಯೆ ಬರುವ ಮೊದಲೇ ಮೀಟರ್ ಏರುವುದು ನಿಧಾನವಾದರೆ ಆಂಪಿನ ಮಿತಿ ಅಲ್ಲೇ ಇದೆ, ಸ್ವಲ್ಪ ಹಿಂದಕ್ಕೆ ತಿರುಗಿಸಿ ಬಿಡಿ. ಬೇಸ್ ಬೂಸ್ಟನ್ನು ಆಮೇಲೂ ಸೊನ್ನೆಯಲ್ಲೇ ಬಿಡುವುದು ನನ್ನ ಸಲಹೆ. 12 ಡೆಸಿಬೆಲ್ ಬೂಸ್ಟ್ ಎಂದರೆ ಆ ಆವೃತ್ತಿಯಲ್ಲಿ 16 ಪಟ್ಟು ಶಕ್ತಿ ಕೇಳಿದಂತೆ. ಕಾರಿನ ಗೋಡೆಗಳು ಪುಕ್ಕಟೆ ಕೊಟ್ಟದ್ದನ್ನು ಕಾಯಿಲ್‌ನಿಂದ ವಸೂಲಿ ಮಾಡುವ ಗುಂಡಿ ಅದು.

ಸತ್ತ ಬೂಫರ್ ಕೈಗೆ ಬಂದರೆ ಎಸೆಯುವ ಮೊದಲು ಅದೇ ಮೀಟರಿನಿಂದ ಓಮ್ ನೋಡಿ. 4 ಓಮಿನ ಸುರುಳಿ ಆರೋಗ್ಯವಾಗಿದ್ದರೆ 3.2ರಿಂದ 3.8 ತೋರಿಸುತ್ತದೆ. ಏನೂ ತೋರಿಸದಿದ್ದರೆ ತಂತಿ ಎಲ್ಲೋ ತುಂಡಾಗಿದೆ, ಹೊರಗಿನ ಹೆಣೆದ ತಂತಿಯಾದರೆ ಬೆಸುಗೆಯಿಂದ ಬದುಕೀತು. 1 ಅಥವಾ 2 ಓಮ್ ತೋರಿಸಿದರೆ ಎನಾಮೆಲ್ ಕರಗಿ ಸುತ್ತುಗಳು ಒಂದಕ್ಕೊಂದು ಕೂಡಿವೆ, ಅಂಥದ್ದನ್ನು ಮತ್ತೆ ಜೋಡಿಸಿದರೆ ಆಂಪೂ ಹೋಗುತ್ತದೆ. ಓಮ್ ಸರಿಯಿದ್ದೂ ಕೋನನ್ನು ಎರಡೂ ಅಂಗೈಯಲ್ಲಿ ಸಮನಾಗಿ ಒತ್ತಿದಾಗ ಕರಕರ ಎಂದರೆ ಸುರುಳಿ ಸೊಟ್ಟಗಾಗಿದೆ, ಇಲ್ಲವೇ ಸಂದಿಗೆ ಏನೋ ಹೊಕ್ಕಿದೆ. ಆ ಸಂದಿನಲ್ಲಿ ಸುರುಳಿಯ ಎರಡೂ ಕಡೆ ಇರುವ ಜಾಗ ಮಿಲಿಮೀಟರಿನ ಒಂದು ಪಾಲು ಮಾತ್ರ. ಜಗಳೂರಿನ ಬೇಸಿಗೆ ಧೂಳು ಅಲ್ಲಿಗೆ ಸಾಕು. ಅದಕ್ಕಿಂತ ಕೆಟ್ಟದ್ದು ವರ್ಕ್‌ಶಾಪಿನಲ್ಲಿ ನೇಗಿಲು ಗ್ರೈಂಡ್ ಮಾಡುವಾಗ ಹಾರುವ ಕಬ್ಬಿಣದ ಪುಡಿ, ಅಯಸ್ಕಾಂತ ಅದನ್ನು ಕರೆದು ಒಳಗೆ ಕೂರಿಸಿಕೊಳ್ಳುತ್ತದೆ. ವೆಲ್ಡಿಂಗ್ ಕೆಲಸಕ್ಕೆ ಟ್ರ್ಯಾಕ್ಟರ್ ಒಯ್ಯುವಾಗ ಬೂಫರಿಗೆ ಒಂದು ಗೋಣಿಚೀಲ ಹೊದಿಸಿದರೆ ಆಯಿತು. ಚೌಕಟ್ಟು, ಅಯಸ್ಕಾಂತ ಚೆನ್ನಾಗಿದ್ದರೆ ಸುರುಳಿ ಮತ್ತು ಕೋನ್ ಬದಲಿಸಿ ಕೊಡುವವರು ದೊಡ್ಡ ಊರುಗಳಲ್ಲಿ ಸಿಗುತ್ತಾರೆ.

ಹಾಗಾದರೆ ಗೋಡೆಯಿಲ್ಲದ ಗಾಡಿಯಲ್ಲಿ ಬೇಸ್ ಬೇಡವೇ? ಬೇಕಾದರೆ ದಾರಿಯಿದೆ, ಆದರೆ ಅದು ದೊಡ್ಡ ಆಂಪಿನ ದಾರಿಯಲ್ಲ. 600 ವ್ಯಾಟನ್ನು ಒಂದೇ ಬೂಫರಿಗೆ ತುರುಕುವ ಬದಲು ಅಂಥವೇ ಎರಡನ್ನು ಪಕ್ಕಪಕ್ಕ ಇಟ್ಟು 300–300 ಹಂಚಿದರೆ ಸದ್ದು 3 ಡೆಸಿಬೆಲ್ ಏರುತ್ತದೆ, ಒಂದೊಂದು ಕಾಯಿಲ್‌ನ ಕಾವು ಅರ್ಧಕ್ಕಿಳಿಯುತ್ತದೆ. ಪೆಟ್ಟಿಗೆಯನ್ನು 35ಕ್ಕೆ ಶ್ರುತಿ ಮಾಡುವ ಬದಲು 50ರ ಸುತ್ತ ಮಾಡಿದರೆ ಬಯಲಿನಲ್ಲಿ ಸಿಗದ ಆಳದ ಬೇಸಿಗೆ ಹಂಬಲಿಸುವುದು ತಪ್ಪುತ್ತದೆ, ಅದಕ್ಕಿಂತ ಕೆಳಗಿನದನ್ನು ಸಬ್‌ಸಾನಿಕ್ ಫಿಲ್ಟರ್ ಕತ್ತರಿಸಲಿ. 4 ಓಮಿನ ಎರಡನ್ನು ಸಮಾಂತರ ಕಟ್ಟಿದರೆ 2 ಓಮ್, ಆಂಪ್ ಅದನ್ನು ತಡೆಯಬೇಕು. ಕಟ್ಟುವಾಗ ಒಂದರ ಪ್ಲಸ್ ಮೈನಸ್ ಅದಲುಬದಲಾದರೆ ಒಂದು ಕೋನ್ ಗಾಳಿಯನ್ನು ತಳ್ಳುವಾಗ ಇನ್ನೊಂದು ಎಳೆದುಕೊಂಡು ಬೇಸೇ ಮಾಯವಾಗುತ್ತದೆ. ಆಗ ವಾಲ್ಯೂಮ್ ಏರಿಸಿದವನು ಒಂದರ ಬದಲು ಎರಡು ಬೂಫರ್ ಸುಡುತ್ತಾನೆ. ಪರೀಕ್ಷೆಗೆ ಗಡಿಯಾರದ ಒಂದು ಸೆಲ್ ಸಾಕು. ಆಂಪಿನ ಕಡೆಯ ತಂತಿ ಬಿಚ್ಚಿ, ಸೆಲ್ಲಿನ ಪ್ಲಸ್ಸನ್ನು ಪ್ಲಸ್ಸಿಗೆ ಕ್ಷಣಕಾಲ ತಾಗಿಸಿದರೆ ಎರಡೂ ಕೋನ್ ಒಟ್ಟಿಗೇ ಮುಂದಕ್ಕೆ ಬರಬೇಕು.